ಮಗುವಿನ ಮಾತು ಮತ್ತು ಕೈಸನ್ನೆ: ಪದಗಣನೆಯ ಮಿತಿಗಳು

ಮಗುವಿನ ಭಾಷಾರ್ಜನೆಯನ್ನು ಕುರಿತ ಅಧ್ಯಯನಗಳು ಬಹುಕಾಲ ಕಿವಿಯನ್ನೇ ನೆಚ್ಚಿದ್ದವು. ಮಗು ಉಚ್ಚರಿಸಿದ ಪದಗಳನ್ನು ದಿನಾಂಕಸಹಿತ ಬರೆದಿಡಲಾಗುತ್ತಿತ್ತು. ಪದದೊಡನೆ ಆಡಿದ ಕೈ ದಾಖಲೆಯ ಹೊರಗುಳಿಯುತ್ತಿತ್ತು. ಮಾತು ಮತ್ತು ಸನ್ನೆ ಒಂದೇ ವ್ಯವಸ್ಥೆಯ ಎರಡು ಮುಖಗಳೆಂಬ ವಾದಕ್ಕೆ ಡೇವಿಡ್ ಮೆಕ್‌ನೀಲ್ ಅವರ ‘ಹ್ಯಾಂಡ್ ಅಂಡ್ ಮೈಂಡ್’ (1992) ವಿಸ್ತಾರವಾದ ಆಧಾರ ಒದಗಿಸಿತು. ಇಲ್ಲಿ ಸನ್ನೆಯೆಂದರೆ ಮಾತಿನೊಡನೆ ತಾನಾಗಿ ಹೊಮ್ಮುವ ಕೈಚಲನೆ. ನಾಟ್ಯಶಾಸ್ತ್ರದ ಆಂಗಿಕಾಭಿನಯವನ್ನು ಇದರೊಡನೆ ಸಮೀಕರಿಸುವುದು ಸುಲಭ, ಆದರೆ ಸಾಧುವಲ್ಲ. ಅದು ಅಭ್ಯಾಸದಿಂದ ಸಿದ್ಧಿಸುವ, ನೋಡುಗನನ್ನು ಉದ್ದೇಶಿಸಿದ ಕಲೆ. ಇದಾದರೋ ನೋಡುಗನನ್ನೇ ಅಪೇಕ್ಷಿಸದು: ಹುಟ್ಟಿನಿಂದ ದೃಷ್ಟಿಯಿಲ್ಲದವರು ತಮ್ಮಂತೆಯೇ ದೃಷ್ಟಿಯಿಲ್ಲದವರೊಡನೆ ಮಾತನಾಡುವಾಗಲೂ ಕೈಯಾಡಿಸುತ್ತಾರೆಂದು ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 1998ರಲ್ಲಿ ತೋರಿಸಿದರು.

ಮಾತೂ ಸನ್ನೆಯೂ ಒಂದನ್ನೇ ಹೇಳುವಾಗ ಸಂಶೋಧಕನಿಗೆ ಸಮಸ್ಯೆಯಿಲ್ಲ. ಅವು ಬೇರೆ ಬೇರೆ ಹೇಳುವ ಸಂದರ್ಭವೇ ವಿಚಾರಾರ್ಹವಾದುದು. ಚರ್ಚ್ ಮತ್ತು ಗೋಲ್ಡಿನ್-ಮೆಡೋ ಅವರ 1986ರ ಅಧ್ಯಯನ ಪಿಯಾಜೆಯ ಪ್ರಸಿದ್ಧ ಪರೀಕ್ಷೆಯನ್ನು ಬಳಸಿಕೊಂಡಿತು. ಎತ್ತರದ ಲೋಟದ ನೀರನ್ನು ಅಗಲವಾದ ಪಾತ್ರೆಗೆ ಸುರಿದು, ನೀರಿನ ಪ್ರಮಾಣ ಅಷ್ಟೇ ಇದೆಯೇ ಎಂದು ಕೇಳಲಾಗುತ್ತದೆ. ಇಲ್ಲವೆನ್ನುವ ಮಕ್ಕಳೆಲ್ಲರ ಉತ್ತರವೂ ಒಂದೇ ರೀತಿ ತಪ್ಪು. ಆದರೆ ಎತ್ತರವನ್ನು ಕಾರಣವಾಗಿ ಹೇಳುವಾಗ ಕೆಲವರ ಕೈ ಎತ್ತರವನ್ನೇ ತೋರಿಸಿದರೆ, ಇನ್ನು ಕೆಲವರ ಕೈ ಪಾತ್ರೆಯ ಅಗಲವನ್ನು ತೋರಿಸುತ್ತದೆ. ನಾಲಿಗೆಗೆ ಇನ್ನೂ ದಕ್ಕದ ತಿಳಿವಳಿಕೆ ಕೈಯಲ್ಲಿ ಆಗಲೇ ಮೂಡಿದೆ. ಬಳಿಕ ಪಾಠ ಹೇಳಿಕೊಟ್ಟಾಗ ಹೆಚ್ಚು ಪ್ರಯೋಜನ ಪಡೆದವರು ಈ ಎರಡನೆಯ ಗುಂಪಿನವರು. ಉತ್ತರವನ್ನಷ್ಟೇ ಬರೆದುಕೊಳ್ಳುವ ಪರೀಕ್ಷಕನಿಗೆ ಈ ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ತೋರದು. ಈ ಕ್ಷೇತ್ರದ ಅತ್ಯಂತ ಬೆಲೆಯುಳ್ಳ ಶೋಧ ಇದೇ ಎನ್ನಬೇಕು.

2005ರಲ್ಲಿ ಐವರ್ಸನ್ ಮತ್ತು ಗೋಲ್ಡಿನ್-ಮೆಡೋ ಇನ್ನೂ ಎಳೆಯ ವಯಸ್ಸಿನತ್ತ ಹೊರಳಿದರು. ಇಂಗ್ಲಿಷ್ ಕಲಿಯುತ್ತಿದ್ದ 10 ಮಕ್ಕಳನ್ನು 10ರಿಂದ 24 ತಿಂಗಳ ವಯಸ್ಸಿನವರೆಗೆ ಪ್ರತಿ ತಿಂಗಳೂ ಗಮನಿಸಲಾಯಿತು. ಪದ ಒಂದನ್ನೂ ಕೈ ಇನ್ನೊಂದನ್ನೂ ಸೂಚಿಸುವ ‘ಪೂರಕ’ ಜೋಡಣೆ ಯಾರಲ್ಲಿ ಬೇಗ ಕಂಡಿತೋ ಅವರಲ್ಲಿ ಎರಡು ಪದಗಳ ಮಾತೂ ಬೇಗ ಕಂಡಿತು. ರೋ ಮತ್ತು ಗೋಲ್ಡಿನ್-ಮೆಡೋ 2009ರಲ್ಲಿ 14 ತಿಂಗಳ ಸನ್ನೆಗಳಿಗೂ 54 ತಿಂಗಳ ಪದಸಂಪತ್ತಿಗೂ ಇರುವ ಸಂಬಂಧವನ್ನು ಗುರುತಿಸಿದರು. ಸಂಬಂಧವೇ ಕಾರಣವಲ್ಲ, ಮಗು ತೋರಿದ್ದನ್ನು ತಾಯಿ ಹೆಸರಿಸಿ ಹೇಳುವುದೂ ಇಲ್ಲಿ ಪಾಲುಗೊಂಡಿರಬಹುದು.

ಆಕ್ಷೇಪ ಏಳುವುದು ‘ಎರಡು ಪದ’ ಎಂಬ ಅಳತೆಗೋಲಿನ ಬಗ್ಗೆ. ಬಾಗಿಲ ಬಳಿಯ ಚಪ್ಪಲಿಗೆ ಬೆರಳು ಮಾಡಿ ಕನ್ನಡದ ಮಗು ‘ಅಪ್ಪ’ ಎಂದರೆ ಅದು ಪೂರಕ ಜೋಡಣೆ. ಕೆಲಕಾಲದ ನಂತರ ಅದೇ ಮಗು ‘ಅಪ್ಪಂದು’ ಎನ್ನುತ್ತದೆ. ‘ಅಪ್ಪನ ಅದು’ ಎಂಬುದರ ಸಂಕ್ಷಿಪ್ತ ರೂಪವಾದ ಈ ಒಂದು ಪದದಲ್ಲಿ ಒಡೆಯನೂ ಒಡೆತನವೂ ವಸ್ತುವಿನ ನಿರ್ದೇಶವೂ ಅಡಕವಾಗಿವೆ. ‘ಬಿದ್ದಳು’ ಎಂಬಲ್ಲಿ ಕ್ರಿಯೆಯೊಡನೆ ಕರ್ತೃವಿನ ಲಿಂಗವಚನಗಳೂ ಇವೆ. ಪದಗಳನ್ನೆಣಿಸುವವನ ಪಟ್ಟಿಯಲ್ಲಿ ಈ ಮಗು ಇನ್ನೂ ಏಕಪದದ ಹಂತದಲ್ಲಿಯೇ ನಿಂತಿರುತ್ತದೆ. ವಾಸ್ತವವಾಗಿ ಅದು ವಾಕ್ಯರಚನೆಯ ಹೊಸ್ತಿಲು ದಾಟಿರುತ್ತದೆ. ಇಂಗ್ಲಿಷಿನ ಮೇಲೆ ಕಟ್ಟಿದ ಮೈಲಿಗಲ್ಲುಗಳನ್ನು ಹಾಗೆಯೇ ತಂದು ನೆಟ್ಟರೆ ಮಾತು ತಡವಾಗಿದೆಯೆಂಬ ಹಣೆಪಟ್ಟಿ ಅಂಥ ಮಗುವಿಗೆ ಬೀಳುವ ಅಪಾಯವುಂಟು. ಪದಗಳ ಬದಲು ಪ್ರತ್ಯಯಗಳನ್ನು ಎಣಿಸುವುದು ಒಂದು ಪರಿಹಾರ. ಅದರಿಂದಲೂ ತೊಡಕು ಪೂರ್ತಿ ತೀರದು. ಎಳೆಯ ಮಗುವಿಗೆ ‘ಅಪ್ಪಂದು’ ಬಿಡಿಸಿ ಕೂಡಿಸಿದ ರಚನೆಯೋ, ಇಡಿಯಾಗಿ ಕಲಿತ ಪದವೋ ಎಂಬುದು ಒಂದೇ ಉಚ್ಚಾರಣೆಯಿಂದ ತಿಳಿಯುವುದಿಲ್ಲ. ‘ಅಮ್ಮಂದು’, ‘ಅಜ್ಜಿದು’ ಎಂದು ಬೇರೆ ವಸ್ತುಗಳತ್ತ ಬೆರಳು ಹೊರಳುವುದನ್ನೂ ಜೊತೆಯಲ್ಲಿ ನೋಡಬೇಕಾಗುತ್ತದೆ.

ಕನ್ನಡದ ನಿರ್ದೇಶಕ ಪದಗಳಾದ ‘ಇಷ್ಟು’, ‘ಅಷ್ಟು’, ‘ಹೀಗೆ’, ‘ಹಾಗೆ’ ಮುಂತಾದುವು ಇನ್ನೂ ಕಠಿಣ. ಇವು ಅನೇಕ ವೇಳೆ ತಮ್ಮ ಅರ್ಥಕ್ಕಾಗಿ ಕೈಯನ್ನೇ ಕಾಯುತ್ತವೆ. ಲಿಪಿಗಿಳಿಸಿದ ‘ಇಷ್ಟು ಬೇಕು’ ಎಂಬ ಮಾತಿನಿಂದ ಮಗು ಕೇಳಿದ್ದು ಬೊಗಸೆಯಷ್ಟೋ ಚಿಟಿಕೆಯಷ್ಟೋ ತಿಳಿಯುವುದಿಲ್ಲ.