ಒಂದು ಪ್ರತ್ಯಯದ ಬೆಲೆ

ಇತ್ತೀಚೆಗೆ ನಮ್ಮ ಕೈಸೇರುವ ಆಮಂತ್ರಣಪತ್ರಿಕೆಗಳಲ್ಲಿ ‘ಭಕ್ತಾಧಿಗಳು’ ಎಂಬ ಪದವನ್ನು ಮೇಲಿಂದ ಮೇಲೆ ಕಾಣುತ್ತಿದ್ದೇವೆ. ‘ಆದಿ’ ಎಂದರೆ ಮೊದಲಾದವರು. ‘ಆಧಿ’ ಎಂದರೆ ಮನೋವ್ಯಥೆ. ಭಕ್ತರೇ ಮೊದಲಾದವರನ್ನು ಕರೆಯಹೊರಟವರು ಮಹಾಪ್ರಾಣವೊಂದನ್ನು ಹೆಚ್ಚಿಗೆ ಹಾಕಿ ಭಕ್ತರ ವ್ಯಥೆಗಳನ್ನೇ ಆಹ್ವಾನಿಸಿದ್ದಾರೆ! ‘ಆಶೀರ್ವಾದ’ವು ‘ಆರ್ಶೀವಾದ’ವಾಗುವುದೂ ‘ಶ್ರದ್ಧಾಂಜಲಿ’ಯು ‘ಶ್ರದ್ದಾಂಜಲಿ’ಯಾಗುವುದೂ ಇದೇ ಬಗೆ. ಹೀಗೆ ಬರೆಯುವವರು ಅಕ್ಷರ ತಿದ್ದುವ ಬಾಲಕರಾಗಿದ್ದರೆ ಚಿಂತೆಯಿರಲಿಲ್ಲ. ಪದವೀಧರರು, ಅಧಿಕಾರಿಗಳು, ಕೆಲವೊಮ್ಮೆ ಅಧ್ಯಾಪಕರೂ ಹೀಗೆ ಬರೆಯುತ್ತಿದ್ದಾರೆ.

ಆಡುನುಡಿಯನ್ನು ನಾವು ಹಳಿಯುತ್ತಿಲ್ಲ. ರೈತನೊಬ್ಬನು ‘ಹಾಲು’ ಎಂಬುದನ್ನು ‘ಆಲು’ ಎಂದರೆ ಅದು ಅವನ ಸೀಮೆಯ ಮಾತು. ಶರಣರು ಜನರ ನುಡಿಯಲ್ಲಿಯೇ ಅನುಭಾವವನ್ನು ಅರುಹಿದರು. ಲೇಖನಚಿಹ್ನೆಗಳೂ ನಮಗೆ ಪ್ರಾಚೀನವಾದುವಲ್ಲ. ತಾಳೆಯೋಲೆಗಳಲ್ಲಿ ಪದಪದಗಳ ನಡುವೆ ತೆರಪು ಕೂಡ ಇರುತ್ತಿರಲಿಲ್ಲ. ಅಲ್ಪವಿರಾಮ, ಪ್ರಶ್ನಾರ್ಥಕ ಮೊದಲಾದವು ಮುದ್ರಣದೊಡನೆ ಇಂಗ್ಲಿಷಿನಿಂದ ಬಂದುವು. ಡಾ. ಫ. ಗು. ಹಳಕಟ್ಟಿಯವರು ಅಂತಹ ಓಲೆಗಳನ್ನು ಪದವಿಂಗಡಿಸಿ ಓದಿಯೇ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಚಿಹ್ನೆಗಳಿಲ್ಲದೆಯೂ ಅರ್ಥ ಉಳಿದುಬಂದುದು ವಿಭಕ್ತಿಯೂ ಕ್ರಿಯಾಪದವೂ ತಮ್ಮ ತಮ್ಮ ಸ್ಥಾನದಲ್ಲಿ ಬಿಗಿಯಾಗಿ ನಿಂತುದರಿಂದ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದುದು ಭಾಷೆಯ ಈ ಕಟ್ಟನ್ನೇ. ನಾವಾದರೋ ಪ್ರತ್ಯಯವನ್ನು ಕೈಬಿಟ್ಟೆವು. ಅದರ ಕೊರತೆಯನ್ನು ತುಂಬಬಹುದಾಗಿದ್ದ ಅಲ್ಪವಿರಾಮವನ್ನೂ ಕಲಿಯಲಿಲ್ಲ.

ಇದು ಪಂಡಿತರ ಹಟವೆಂದು ಬಗೆಯುವವರಿಗಾಗಿ ಒಂದು ಪ್ರಸಂಗವನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಅಣ್ಣತಮ್ಮಂದಿರಿಬ್ಬರು ತಂದೆಯ ಮೃತ್ಯುಪತ್ರವನ್ನು ಹಿಡಿದು ನಮ್ಮಲ್ಲಿಗೆ ಬಂದರು. ಅದನ್ನು ಬರೆದುಕೊಟ್ಟವರು ಓದಿದ ನೆಂಟರೇ. ‘ಹೊಲ ಹಾಗೂ ತೋಟದ ಅರ್ಧ ಹಿರಿಯ ಮಗನಿಗೆ’ ಎಂದಿತ್ತು. ಹೊಲವೆಲ್ಲ ತನ್ನದು, ತೋಟದಲ್ಲಿ ಮಾತ್ರ ಅರ್ಧವೆಂದು ಅಣ್ಣನ ವಾದ. ಎರಡರಲ್ಲಿಯೂ ಅರ್ಧವೆಂದು ತಮ್ಮನ ವಾದ. ‘ಹೊಲದ ಹಾಗೂ ತೋಟದ ಅರ್ಧ’ ಎಂದಿದ್ದರೆ ತಮ್ಮನ ಮಾತು ನಿಲ್ಲುತ್ತಿತ್ತು. ‘ಹೊಲವೂ ತೋಟದ ಅರ್ಧವೂ’ ಎಂದಿದ್ದರೆ ಅಣ್ಣನದು. ಕೇಳೋಣವೆಂದರೆ ತಂದೆಯಿಲ್ಲ. ನಮ್ಮ ವ್ಯಾಕರಣಜ್ಞಾನವೆಲ್ಲ ಅಲ್ಲಿ ನಿರುಪಯುಕ್ತವಾಯಿತು. ಬರಹವು ಎರಡೂ ಅರ್ಥಗಳಿಗೆ ಎಡೆಕೊಟ್ಟಿತ್ತು. ಇಂದು ಆ ಮನೆಯಲ್ಲಿ ಎರಡು ಒಲೆಗಳು ಉರಿಯುತ್ತಿವೆ.

ಈ ದೋಷದಲ್ಲಿ ಮಠಗಳಿಗೂ ಪಾಲುಂಟು. ನಮ್ಮ ಹೆಸರಿನಲ್ಲಿ ಹೊರಡುವ ಎಷ್ಟೋ ಪತ್ರಿಕೆಗಳು ಕರಡು ತಿದ್ದದೆಯೇ ಅಚ್ಚಾಗುತ್ತವೆ. ಮೊಬೈಲು ತಾನಾಗಿ ಸೂಚಿಸಿದ ಪದವನ್ನೇ ಒತ್ತಿ ಕಳುಹಿಸುವ ಅಭ್ಯಾಸವು ನಮ್ಮ ಪರಿವಾರದವರಿಗೂ ಅಂಟಿದೆ. ಮಠದ ಪಾಠಶಾಲೆಗಳಲ್ಲಿ ಕಲಿತ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆಯಿಷ್ಟೆ: ಬರೆದುದನ್ನು ಒಮ್ಮೆ ಗಟ್ಟಿಯಾಗಿ ಓದಿರಿ, ಸಂದೇಹ ಬಂದಲ್ಲಿ ನಿಘಂಟನ್ನು ತೆರೆಯಿರಿ, ಆಸ್ತಿಪತ್ರವಾದರೆ ಅದನ್ನು ಅರಿಯದ ಮೂರನೆಯವರಿಂದ ಓದಿಸಿ ಅವರಿಗೇನು ತಿಳಿಯಿತೆಂದು ಕೇಳಿರಿ. ಕಿರಿಯರು ತಪ್ಪು ತೋರಿಸಿದರೆ ಮುನಿಯದೆ ತಿದ್ದಿಕೊಳ್ಳಿರಿ. ಈ ಲೇಖನದಲ್ಲಿಯೂ ತಪ್ಪು ಕಂಡವರು ನಮಗೆ ಬರೆದು ತಿಳಿಸಬೇಕು. ಮುಂದಿನ ಸಂಚಿಕೆಯಲ್ಲಿ ತಿದ್ದಿ ಪ್ರಕಟಿಸುತ್ತೇವೆ.