ಹಿಂದಿನ ಸೀಟಿನ ಕಡೆಯಿಂದ: ಹಳೆಯ ಟ್ಯಾಂಡೆಮ್ ಸೈಕಲ್ಲಿನ ರಸಿಕರಿಗೊಂದು ಕೈಪಿಡಿ

ಇಬ್ಬರು ತುಳಿಯುವ ಹಳೆಯ ಟ್ಯಾಂಡೆಮ್ ಸೈಕಲ್ ಎದುರಾದರೆ ಕಣ್ಣು ಮೊದಲು ಅದರ ಉದ್ದಕ್ಕೆ ಹೋಗುತ್ತದೆ, ಆಮೇಲೆ ಬಣ್ಣಕ್ಕೆ. ಈ ರುಚಿಯನ್ನು ಹೊಸದಾಗಿ ಹತ್ತಿಸಿಕೊಳ್ಳುವವರು ಅಲ್ಲಿಗೇ ನಿಲ್ಲದೆ ಹಿಂದಿನ ಸೀಟಿನ ಪಕ್ಕಕ್ಕೆ ಹೋಗಿ ನೋಡಬೇಕು. ಮುಂದೆ ಕೂತವರಿಗೆ ರಸ್ತೆ ಕಾಣುತ್ತದೆ. ಹ್ಯಾಂಡಲ್ಲು, ಗೇರು, ಬ್ರೇಕು ಎಲ್ಲವೂ ಅವರ ಕೈಯಲ್ಲೇ. ಹಿಂದಿನವರಿಗೆ ಕಾಣುವುದು ಎದುರಿನ ಬೆನ್ನು, ಅಕ್ಕಪಕ್ಕದ ಹೊಲ. ಗುಂಡಿ ಬಂತೆಂಬುದು ಅವರಿಗೆ ಮೊದಲೇ ತಿಳಿಯುವುದಿಲ್ಲ. ಹಿಂಚಕ್ರ ಎಗರಿದಾಗ ಪೆಟ್ಟು ನೇರವಾಗಿ ಅವರ ಬೆನ್ನುಮೂಳೆಗೆ. ಇಂಥ ಸೈಕಲ್ಲನ್ನು ಕಟ್ಟಿದವರೂ ಮತ್ತೆ ಜೀವ ಕೊಟ್ಟವರೂ ಆ ಎರಡನೆಯವರನ್ನು ಎಷ್ಟು ನೆನೆದಿದ್ದಾರೆ ಎಂಬುದರಲ್ಲೇ ಅದರ ಸೊಗಸಿದೆ. ನಾನು ಯಾವ ಟ್ಯಾಂಡೆಮ್ಮನ್ನೂ ತೂಗುವುದು ಈ ತಕ್ಕಡಿಯಲ್ಲೇ.

ಪ್ರವಾಸದ ಟ್ಯಾಂಡೆಮ್ಮಿನ ದೊಡ್ಡ ಪರಂಪರೆ ಇರುವುದು ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿ. ಫ್ರಾನ್ಸಿನಲ್ಲಿ 1936ರ ಜೂನ್‌ನಲ್ಲಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಡುವ ಕಾನೂನು ಬಂತು. ಕಾರು ಕೊಳ್ಳಲಾಗದ ಎಷ್ಟೋ ಜೋಡಿಗಳು ಆ ಬೇಸಿಗೆ ಡೇರೆ ಕಟ್ಟಿಕೊಂಡು ಟ್ಯಾಂಡೆಮ್ ಏರಿ ಊರು ಬಿಟ್ಟವು. ಪ್ಯಾರಿಸ್ಸಿಗೆ ಅಂಟಿಕೊಂಡ ಲೆವಾಲ್ವಾ-ಪೆರೆಯ ಅಲೆಕ್ಸ್ ಸಿಂಗರ್, ರೆನೆ ಎರ್ಸ್ ಇವರಿಬ್ಬರ ಕಾರ್ಯಾಗಾರಗಳು ಈ ಕಲೆಯನ್ನು ಬಲು ಎತ್ತರಕ್ಕೆ ಒಯ್ದವು. ಇತ್ತ ಇಂಗ್ಲೆಂಡಿನ ಸ್ಟಾಕ್ಟನ್-ಆನ್-ಟೀಸ್ ಪಟ್ಟಣದಲ್ಲಿ ಜ್ಯಾಕ್, ನಾರ್ಮನ್, ಕೆನ್ ಎಂಬ ಮೂವರು ಟೇಲರ್ ಸಹೋದರರು ಎರಡನೆಯ ಮಹಾಯುದ್ಧದ ನಂತರ ದಶಕಗಟ್ಟಲೆ ಟ್ಯಾಂಡೆಮ್ ಕಟ್ಟಿದರು. ಅವು ಅಮೆರಿಕಕ್ಕೂ ಹೋದವು. ಸಿಂಗರ್, ಎರ್ಸ್, ಟೇಲರ್: ಈ ಮೂರು ಹೆಸರು ನೆನಪಿದ್ದರೆ ಸದ್ಯಕ್ಕೆ ಸಾಕು.

ಈಗ ಪಕ್ಕಕ್ಕೆ ಸರಿದು ಚೌಕಟ್ಟು ನೋಡಿ. ಒಬ್ಬರ ಸೈಕಲ್ಲಿನ ಗಟ್ಟಿತನ ಇರುವುದು ತ್ರಿಕೋನದಲ್ಲಿ. ಟ್ಯಾಂಡೆಮ್ಮಿನಲ್ಲಿ ಇಬ್ಬರ ನಡುವೆ ಒಂದು ಚೌಕ ಉಳಿದುಬಿಡುತ್ತದೆ. ಹೊರೆ ಬಿದ್ದರೆ ಅದು ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಅದನ್ನು ಕಟ್ಟಿಹಾಕಿದ ರೀತಿಯೇ ಪ್ರತಿ ತಯಾರಕರ ಸಹಿ. ಕೆಲವರು ಹ್ಯಾಂಡಲ್ ಬುಡದಿಂದ ಹಿಂದಿನ ಪೆಡಲ್ ಅಚ್ಚಿನವರೆಗೆ ಓರೆಯಾಗಿ ಒಂದು ದಪ್ಪ ಕೊಳವೆ ಹಾಯಿಸುತ್ತಾರೆ. ಕೆಲವರು ಎರಡು ಸಣ್ಣ ಕೊಳವೆಗಳನ್ನು ಹಿಂದಿನ ಸೀಟಿನ ಕಂಬದ ಎರಡೂ ಬದಿಗೆ ಬಳಸಿ ಹಿಂಚಕ್ರದ ಅಚ್ಚಿನವರೆಗೂ ಒಯ್ಯುತ್ತಾರೆ. ಮುದ್ದೆ ಕಾಣದಂತೆ, ಸಣಕಲಾಗದಂತೆ ಹಾಯ್ದುಹೋಗುವ ಆ ಜೋಡಿ ಗೆರೆ ನನಗೆ ಬಹಳ ಇಷ್ಟ. ಹಳೆಯವುಗಳಲ್ಲಿ ಹಿಂದಿನವರಿಗೆ ಸಿಗುವ ಜಾಗ ಮಾತ್ರ ಕಡಿಮೆ: ಸೀಟಿನಿಂದ ಸೀಟಿಗೆ 60 ಸೆಂಟಿಮೀಟರ್ ಆಸುಪಾಸು, ಇಂದಿನವುಗಳಲ್ಲಿ 70ಕ್ಕೂ ಮೇಲೆ. ಕೊಳ್ಳುವ ಮುಂಚೆ ಟೇಪು ಹಿಡಿದು ಅಳೆಯಿರಿ. ಬಣ್ಣ ಮತ್ತೆ ಬಳಿಯಬಹುದು, ಈ ಅಳತೆ ಬದಲಾಗದು.

ಕೊಳವೆಗಳು ಕೂಡುವಲ್ಲಿ ಬೆರಳಾಡಿಸಿ. ಟೇಲರ್ ಸಹೋದರರ ಕೆಲಸದಲ್ಲಿ ಅನೇಕ ಕಡೆ ಜೋಡಣೆಯ ಲಗ್ಗುಗಳೇ (ಕೊಳವೆಯ ತುದಿಗಳನ್ನು ಹಿಡಿಯುವ ಲೋಹದ ತೋಳುಗಳು) ಇರುವುದಿಲ್ಲ. ಕರಗಿಸಿದ ಹಿತ್ತಾಳೆಯನ್ನು ಸಂದಿಗೆ ತುಂಬಿ, ಅರದಿಂದ ಉಜ್ಜಿ, ಒಂದು ಕೊಳವೆ ಇನ್ನೊಂದರೊಳಗೆ ಹರಿದುಹೋದಂತೆ ನಯಗೊಳಿಸಿದ್ದಾರೆ. ಅದರ ಮೇಲೆ ಕೊಳವೆಯುದ್ದಕ್ಕೂ ಕುಂಚದಿಂದ ಎಳೆದ ತೆಳು ಗೆರೆಗಳ ಚೌಕಗಳು. ಹತ್ತಿರದಿಂದ ನೋಡಿದರೆ ಗೆರೆಯ ಮೂಲೆಯಲ್ಲಿ ಕುಂಚ ಎತ್ತಿದ ಜಾಗ ತುಸು ದಪ್ಪಗಾಗಿರುವುದೂ ಕಾಣುತ್ತದೆ. ಆ ಗೆರೆಗಳು ಮುಕ್ಕಾಲು ಪಾಲು ಉಳಿದಿದ್ದರೂ ಸಾಕು, ದಯವಿಟ್ಟು ಮರುಬಣ್ಣ ಬೇಡ. ತುಕ್ಕಿದ್ದಲ್ಲಿ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಒಣಗಿಸಿ, ಮೇಣ ತೀಡಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಕೈಗವಸು ಬೇಕೇ ಬೇಕು. ಫಳಫಳ ಹೊಳೆಯುವ ಹೊಸ ಬಣ್ಣದ ಹಳೆಯ ಸೈಕಲ್ಲು ಎಷ್ಟೋ ಸಲ ತನ್ನ ನೆನಪನ್ನೇ ಕಳೆದುಕೊಂಡಿರುತ್ತದೆ.

ಇನ್ನು ಟ್ಯಾಂಡೆಮ್ಮಿನ ಹೃದಯಕ್ಕೆ ಬರೋಣ. ಸಾಮಾನ್ಯವಾಗಿ ಎಡಬದಿಯಲ್ಲೊಂದು ಚೈನು ಮುಂದಿನ ಪೆಡಲನ್ನೂ ಹಿಂದಿನ ಪೆಡಲನ್ನೂ ಬೆಸೆಯುತ್ತದೆ. ಬಲಬದಿಯ ಚೈನು ಹಿಂದಿನ ಪೆಡಲಿನಿಂದ ಚಕ್ರಕ್ಕೆ ಹೋಗುತ್ತದೆ. ಎಡದ ಎರಡೂ ಹಲ್ಲುಚಕ್ರಗಳಲ್ಲಿ ಹಲ್ಲುಗಳ ಸಂಖ್ಯೆ ಒಂದೇ ಆಗಿರುವುದರಿಂದ ಇಬ್ಬರ ಕಾಲೂ ಒಂದೇ ಲೆಕ್ಕದಲ್ಲಿ ತಿರುಗುತ್ತವೆ. ಒಬ್ಬರು ನಿಲ್ಲಿಸಿದರೆ ಇಬ್ಬರೂ ನಿಲ್ಲಬೇಕು. ಈ ಚೈನು ಸವೆದು ಉದ್ದವಾದಾಗ ಎಳೆದು ಕಟ್ಟುವುದು ಹೇಗೆ? ಮುಂದಿನ ಪೆಡಲ್ ಅಚ್ಚನ್ನು ಹಿಡಿದ ಗುಂಡು ಡಬ್ಬಿಯೊಳಗೆ ಇನ್ನೊಂದು ಲೋಹದ ಗುಂಡು ಕೂತಿರುತ್ತದೆ, ಅದರ ತೂತು ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಗುಂಡನ್ನು ತಿರುವಿದರೆ ಅಚ್ಚು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿದು ಚೈನು ಬಿಗಿಯಾಗುತ್ತದೆ. ಇಷ್ಟು ಸರಳ, ಇಷ್ಟು ಜಾಣ ಉಪಾಯ! ಹಳೆಯ ಟ್ಯಾಂಡೆಮ್ಮಿನಲ್ಲಿ ಮೊದಲು ತುಕ್ಕು ಹಿಡಿದು ಕಚ್ಚಿಕೊಳ್ಳುವುದೂ ಇದೇ. ದಿನಗಟ್ಟಲೆ ಎಣ್ಣೆ ಉಣಿಸಿ, ತಾಳ್ಮೆಯಿಂದ ಬಿಡಿಸಬೇಕು. ಸುತ್ತಿಗೆ ಎತ್ತಿದರೆ ಕೆಟ್ಟಿತು. ಚುಚ್ಚುಸ್ಕ್ರೂಗಳಿಂದ ಹಿಡಿಸುವ ಬಗೆಯಾದರೆ ಹಳೆಯ ಸ್ಕ್ರೂ ಕಚ್ಚಿದ ಗುಳಿಗಳು ಗುಂಡಿನ ಮೇಲಿರುತ್ತವೆ. ಹೊಸದಾಗಿ ಹೊಂದಿಸಿದರೂ ಸ್ಕ್ರೂ ಜಾರಿ ಅದೇ ಗುಳಿಗೆ ಬೀಳುತ್ತದೆ. ಗುಳಿಗಳನ್ನು ಅರದಿಂದ ಸಮಮಾಡಿ, ಗ್ರೀಸ್ ಬಳಿದು ಕೂರಿಸಿ. ಹಲ್ಲುಚಕ್ರ ಯಾವುದೂ ಪೂರಾ ದುಂಡಗಿರುವುದಿಲ್ಲ. ಹಾಗಾಗಿ ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಚೈನು ಅತಿ ಬಿಗಿಯಾಗುವ ಜಾಗದಲ್ಲೂ ಬೆರಳೊತ್ತಿದರೆ ತುಸು ಆಡುವಂತಿರಲಿ.

ಎಡಬದಿಯ ಕ್ರ್ಯಾಂಕು (ಪೆಡಲ್ ಕೂರುವ ತೋಳು) ಟ್ಯಾಂಡೆಮ್ಮಿಗೆಂದೇ ಮಾಡಿದ್ದಾಗಿರಬೇಕು. ಬಲಗಡೆಯ ಮಾಮೂಲಿ ಕ್ರ್ಯಾಂಕನ್ನು ತಂದು ಎಡಕ್ಕೆ ತೂರಿಸಿದರೆ ಪೆಡಲಿನ ಮರೆ ಉಲ್ಟಾ ಆಗಿ, ತುಳಿಯುತ್ತ ಹೋದಂತೆ ಸಡಿಲಾಗಿಬಿಡುತ್ತದೆ. ಹಳೆಯ ಇಂಗ್ಲಿಷ್ ಟ್ಯಾಂಡೆಮ್ಮುಗಳಲ್ಲಿ ಕ್ರ್ಯಾಂಕನ್ನು ಅಚ್ಚಿಗೆ ಹಿಡಿಸುವ ಕಾಟರ್ ಪಿನ್ ಸಿಕ್ಕರೆ ಹೆದರಬೇಡಿ. ನಮ್ಮೂರ ಸೈಕಲ್ ಶಾಪಿನಲ್ಲಿ ಅದನ್ನು ಬಲ್ಲ ಕೈಗಳು ಇನ್ನೂ ಇವೆ. ಫ್ರೆಂಚ್ ಸೈಕಲ್ಲಾದರೆ ಮರೆಗಳ ಅಳತೆಯೇ ಬೇರೆ. ಪೆಡಲ್ ಅಚ್ಚಿನ ಡಬ್ಬಿಗೆ ಎರಡೂ ಕಡೆ ಬಲಮರೆ ಇರುವುದುಂಟು. ಬಿಚ್ಚುವ ಮೊದಲೇ ಯಾವ ಕಡೆಗೆ ತಿರುಗಿಸಬೇಕೆಂದು ಖಚಿತಪಡಿಸಿಕೊಳ್ಳಿ.

ಮೂಲರೂಪಕ್ಕೆ ನಿಷ್ಠೆ ಎಷ್ಟಿರಬೇಕು ಎಂಬ ಜಗಳ ಹತ್ತುವುದು ಚಕ್ರ ಮತ್ತು ಬ್ರೇಕಿನ ವಿಷಯದಲ್ಲಿ. ನನ್ನ ಪಕ್ಷ ಸ್ಪಷ್ಟ. ಗೋಡೆಗೆ ತೂಗುಹಾಕುವುದಾದರೆ ಹಳೆಯದೆಲ್ಲ ಹಾಗೇ ಇರಲಿ. ಹೊರಸಂಚಾರಕ್ಕೆ ಒಯ್ಯುವುದಾದರೆ ಇಬ್ಬರ ಪ್ರಾಣಕ್ಕೆ ಮೊದಲ ಜಾಗ. ಸವಾರರು, ಸಾಮಾನು, ಸೈಕಲ್ಲು ಸೇರಿ 180 ಕಿಲೋ ಎಂದಿಟ್ಟುಕೊಳ್ಳಿ. ಅದು 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಒಂದಷ್ಟನ್ನು ಗಾಳಿ ನುಂಗುತ್ತದೆ. ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ರಿಮ್ ಕಾದು ಟಯರ್ ಸಿಡಿಯುವುದು ಈ ಕಾರಣಕ್ಕೇ. ಅದಕ್ಕಾಗಿ ಹಿಂಚಕ್ರದ ಹಬ್ಬಿನಲ್ಲಿ ಮೂರನೆಯದಾಗಿ ಒಂದು ಡ್ರಮ್ ಬ್ರೇಕ್ ಇರುವುದು ದೊಡ್ಡ ಭಾಗ್ಯ. ಇಳಿಯುವುದಕ್ಕೆ ಮುಂಚೆ ಅದನ್ನು ಎಳೆದು ಹಾಗೇ ಹಿಡಿದಿಟ್ಟರೆ ಶಾಖ ಅಲ್ಲೇ ಕರಗುತ್ತದೆ. ರಿಮ್ ಬ್ರೇಕು ತಿರುವುಗಳಿಗೆ ತಣ್ಣಗೆ ಉಳಿಯುತ್ತದೆ. ಫ್ರಾನ್ಸಿನ ಮ್ಯಾಕ್ಸಿ-ಕಾರ್ ಹಬ್ಬುಗಳು ಸಿಕ್ಕರೆ ಕಳೆದುಕೊಳ್ಳಬೇಡಿ. ಅವುಗಳ ತೂತುಗಳು ಬೀಗದ ಕಂಡಿಯ ಆಕಾರದಲ್ಲಿರುವುದರಿಂದ ದಾರಿಯಲ್ಲಿ ಕಡ್ಡಿ ಮುರಿದರೆ ಫ್ರೀವೀಲ್ ಬಿಚ್ಚದೆಯೇ ಹೊಸದನ್ನು ತೊಡಿಸಬಹುದು. ರಿಮ್ ಹೊಸದಿರಲಿ, ಕಡ್ಡಿ 40 ಅಥವಾ 48 ಇರಲಿ. ಹಳೆಯ ಫ್ರೆಂಚ್ ಅಳತೆಯ 650ಬಿ ಟಯರುಗಳು ಈಗ ಸಲೀಸಾಗಿ ಸಿಗುತ್ತವೆ. ಸೈಕಲ್ಲಿನಲ್ಲಿ ಜಾಗವಿದ್ದಷ್ಟೂ ಅಗಲವಾದದ್ದನ್ನು ಹಾಕಿ. ಕೇಬಲ್ಲು, ಬ್ರೇಕ್ ರಬ್ಬರು ಎಲ್ಲ ಹೊಸವು. ಅದರಲ್ಲಿ ಚೌಕಾಸಿ ಬೇಡ.

ಹೊರೆಯ ಮಾತಿನಲ್ಲಿ ಟ್ಯಾಂಡೆಮ್ ಬಡವ. ಸವಾರರು ಇಬ್ಬರು, ಚೀಲ ತೂಗುವ ಜಾಗ ಮಾತ್ರ ಒಬ್ಬರ ಸೈಕಲ್ಲಿನಷ್ಟೇ. ಹಿಂಚಕ್ರ ಮೊದಲೇ ದಣಿದಿರುವುದರಿಂದ ಭಾರವಾದದ್ದನ್ನು ಮುಂದಿನ ಕ್ಯಾರಿಯರ್‌ಗೆ, ಅದರಲ್ಲೂ ಆದಷ್ಟು ತಗ್ಗಿನಲ್ಲಿ ಕಟ್ಟಿ. ಫ್ರೆಂಚ್ ಕಾರ್ಯಾಗಾರಗಳ ಟ್ಯಾಂಡೆಮ್ಮುಗಳಲ್ಲಿ ಕ್ಯಾರಿಯರ್, ಮಡ್‌ಗಾರ್ಡ್, ದೀಪ ಎಲ್ಲವನ್ನೂ ಚೌಕಟ್ಟಿನ ಜೊತೆಯಲ್ಲೇ ಯೋಚಿಸಿ ಮಾಡಿರುತ್ತಾರೆ. ದೀಪದ ತಂತಿ ಕೊಳವೆಯೊಳಗೆ ಹಾಯ್ದಿರುತ್ತದೆ. ಆ ತಂತಿ ಹೊರಬರುವ ಸಣ್ಣ ತೂತನ್ನು ಹುಡುಕಿ ನೋಡುವ ಸುಖವೇ ಬೇರೆ. ಹಳೆಯ ದೀಪದ ಚಿಪ್ಪಿನೊಳಗೆ ಎಲ್‌ಇಡಿ ಕೂರಿಸುವುದರಲ್ಲಿ ತಪ್ಪೇನಿಲ್ಲ.

ಹಿಂದಿನ ಸೀಟಿಗೆ ನೀವು ಸೇರಿಸಬೇಕಾದ್ದು ಸ್ಪ್ರಿಂಗ್ ಇರುವ ಚರ್ಮದ ಸೀಟು, ಮೊಣಕೈ ಸಡಿಲವಾಗಿ ಊರುವಷ್ಟು ಹತ್ತಿರದ ಹ್ಯಾಂಡಲ್, ನಕ್ಷೆ ಮತ್ತು ತಿಂಡಿಗೊಂದು ಪುಟ್ಟ ಚೀಲ. ಡ್ರಮ್ ಬ್ರೇಕಿನ ಹಿಡಿಯನ್ನೂ ಹಿಂದಿನವರ ಕೈಗೇ ಕೊಡುವವರಿದ್ದಾರೆ. ನನಗೆ ಅದು ಸರಿಯೆನಿಸುತ್ತದೆ, ಹೆದರಿಕೆ ಹೆಚ್ಚಿರುವವರ ಕೈಯಲ್ಲಿ ಕೊಂಚ ಅಧಿಕಾರ ಇರಬೇಕು.

ಎಲ್ಲ ಸಿದ್ಧವಾದ ಮೇಲೆ ಸಾಮಾನಿಲ್ಲದೆ, ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮುಂದಿನವರು ಎರಡೂ ಬ್ರೇಕು ಬಿಗಿಹಿಡಿದು, ಕಾಲಗಲಿಸಿ ನೆಲದ ಮೇಲೆ ನಿಲ್ಲಬೇಕು. ಹಿಂದಿನವರು ಹತ್ತಿ ಕೂತು ಎರಡೂ ಪೆಡಲಿಗೆ ಕಾಲಿಟ್ಟು, ಮುಂದಿನವರಿಗೆ ಬೇಕಾದ ಎತ್ತರಕ್ಕೆ ಪೆಡಲನ್ನು ತಿರುಗಿಸಿ ಕೊಡಬೇಕು. ಆಮೇಲೆ ಹೊರಡಿ. ಗುಂಡಿ, ಗೇರು, ತುಳಿತ ನಿಲ್ಲಿಸುವುದು, ಯಾವುದನ್ನೂ ಹೇಳದೆ ಮಾಡಬೇಡಿ. ಮರಳಿ ಬಂದ ಕೂಡಲೇ ಹಿಂದಿನವರನ್ನು ಎಲ್ಲಿ ನೋಯುತ್ತಿದೆ, ಎಲ್ಲಿ ಸದ್ದಾಗುತ್ತಿತ್ತು ಎಂದು ಕೇಳಿ. ಹಿಂಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಹಿಸುಕಿ ನೋಡಿ, ಸಡಿಲವಾದವನ್ನು ಬಿಗಿಮಾಡಿ, ಎಡಬದಿಯ ಚೈನನ್ನು ಮತ್ತೊಮ್ಮೆ ಒತ್ತಿ ನೋಡಿ. ಚೀಲ ಕಟ್ಟುವುದು ಅದಾದ ಮೇಲೆ.