ಕೊಂಡ ಹಾಡಿಗೆ ಹಾಕಿದ ಬೀಗ

ಆ್ಯಪಲ್ ಸಂಸ್ಥೆಯು 2003ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಆರಂಭಿಸಿದ ಐಟ್ಯೂನ್ಸ್ ಮಳಿಗೆಯಲ್ಲಿ ಹಾಡೊಂದಕ್ಕೆ 99 ಸೆಂಟ್ ಬೆಲೆಯಿತ್ತು. ಆದರೆ ಹಣ ತೆತ್ತವನ ಕೈಸೇರುತ್ತಿದ್ದುದು ಬೀಗ ಹಾಕಿದ ಹಾಡು. ಕಡತವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ನೋಂದಾಯಿಸಿದ ಕೆಲವೇ ಕಂಪ್ಯೂಟರುಗಳಿಗೆ ಕೊಡುವ ಈ ವ್ಯವಸ್ಥೆಗೆ ಫೇರ್‌ಪ್ಲೇ ಎಂದು ಹೆಸರು.

ಇದನ್ನು ದಾಟುವ ಸುಲಭದ ದಾರಿಯು ಐಟ್ಯೂನ್ಸ್‌ನಲ್ಲಿಯೇ ಇತ್ತು. ಹಾಡನ್ನು ಸಿ.ಡಿ.ಗೆ ಬರೆಯಲು ಅನುಮತಿಯಿದ್ದುದರಿಂದ, ಹಾಗೆ ಬರೆದ ಸಿ.ಡಿ.ಯಿಂದ ಅದನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿಕೊಂಡರೆ ಬೀಗವಿಲ್ಲದ ಪ್ರತಿ ದೊರೆಯುತ್ತಿತ್ತು. ಆದರೆ ಮೂಲ ಕಡತವು ಧ್ವನಿಯ ಸೂಕ್ಷ್ಮಾಂಶಗಳನ್ನು ಕೈಬಿಟ್ಟು ಸೆಕೆಂಡಿಗೆ 128 ಕಿಲೋಬಿಟ್‌ಗೆ ಕುಗ್ಗಿಸಿದ್ದಾಗಿದ್ದು, ಎರಡನೆಯ ಬಾರಿ ಕುಗ್ಗಿಸಿದಾಗ ಇನ್ನಷ್ಟು ಅಂಶಗಳು ಕಳೆದುಹೋಗುತ್ತಿದ್ದವು. ಕುಗ್ಗಿಸದೆ ಉಳಿಸಿಕೊಂಡರೆ ಹತ್ತು ಪಟ್ಟಿಗೂ ಹೆಚ್ಚು ಜಾಗ ಬೇಕಾಗುತ್ತಿತ್ತು. ಈ ನಷ್ಟವನ್ನು ಹೊತ್ತವನು ಹಣ ಕೊಟ್ಟ ಕೇಳುಗನೇ. ಅವೇ ಹಾಡುಗಳು ಅಂಗಡಿಯ ಸಿ.ಡಿ.ಗಳಲ್ಲಿ ಬಹುಮಟ್ಟಿಗೆ ಬೀಗವಿಲ್ಲದೆ ಮಾರಾಟವಾಗುತ್ತಿದ್ದಾಗ, ಕಳ್ಳಪ್ರತಿ ಹಂಚುವವನಿಗೆ ಫೇರ್‌ಪ್ಲೇ ಅಡ್ಡಿಯೇ ಆಗಿರಲಿಲ್ಲ.

2004ರಲ್ಲಿ ಬಂದ ಪ್ಲೇಫೇರ್ ಮತ್ತು ಅದರ ಉತ್ತರಾಧಿಕಾರಿಯಾದ ಹಿಮ್ ಎಂಬ ತಂತ್ರಾಂಶಗಳು ಧ್ವನಿಯನ್ನು ಮುಟ್ಟದೆ ಗೂಢಲಿಪಿಯನ್ನಷ್ಟೇ ಬಿಡಿಸಿದವು. ಕೊಂಡವನ ಗುರುತನ್ನು ಹಿಮ್ ಕಡತದಲ್ಲಿ ಹಾಗೆಯೇ ಉಳಿಸುತ್ತಿತ್ತೆಂಬುದು ಗಮನಾರ್ಹ. ಸ್ವಂತ ಬಳಕೆಗೆ ಬಿಡುಗಡೆ, ಊರಿಗೆಲ್ಲ ಹಂಚಿದರೆ ಹೊಣೆಗಾರಿಕೆ ಎಂಬ ಈ ವಿವೇಕವು ಬೀಗ ಹಾಕಿದವರಲ್ಲಿ ಕಾಣಲಿಲ್ಲ. ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯಂತೂ ಇಂಥ ಸಾಧನಗಳ ವಿತರಣೆಯನ್ನೇ ನಿಷೇಧಿಸಿತ್ತು.

ಕೊಂಡ ಹಾಡು ಮುಂದೊಮ್ಮೆ ಕೈತಪ್ಪೀತೆಂಬ ಆತಂಕ ನಿರಾಧಾರವಾಗಿರಲಿಲ್ಲ. ತನ್ನ ಹಾಡಿನ ಮಳಿಗೆಯಾದ ಎಂಎಸ್‌ಎನ್ ಮ್ಯೂಸಿಕ್‌ನ ಕೀಲಿ ಒದಗಿಸುವ ಸರ್ವರುಗಳನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2008ರಲ್ಲಿ ಪ್ರಕಟಿಸಿದಾಗ, ಕಂಪ್ಯೂಟರ್ ಬದಲಿಸಿದ ಗ್ರಾಹಕನಿಗೆ ತಾನು ಕೊಂಡ ಹಾಡೇ ದಕ್ಕದ ಸ್ಥಿತಿ ಎದುರಾಯಿತು. ಪ್ರತಿಭಟನೆಯ ಬಳಿಕವಷ್ಟೇ ಗಡುವು ಮುಂದಕ್ಕೆ ಹೋಯಿತು. 2009ರಲ್ಲಿ ಆ್ಯಪಲ್ ಸಂಗೀತದ ಮೇಲಿನ ಬೀಗವನ್ನು ಕೈಬಿಟ್ಟಿತಾದರೂ, ಹಳೆಯ ಹಾಡನ್ನು ಬೀಗವಿಲ್ಲದ ಉತ್ತಮ ಪ್ರತಿಗೆ ಬದಲಿಸಿಕೊಳ್ಳಲು ತಲಾ 30 ಸೆಂಟ್ ಕೇಳಿತು. ಒಮ್ಮೆ ಬೆಲೆ ತೆತ್ತವನಿಂದ ಮತ್ತೆ ಹಣ ಪಡೆದ ಈ ಕ್ರಮವು ಅನ್ಯಾಯವೆಂದೇ ಹೇಳಬೇಕು.

ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಬೀಗ ಮುರಿಯುವ ವಿಷಯದಲ್ಲಿ ಅಮೆರಿಕದ ಕಾಯ್ದೆಗಿಂತ ಹೆಚ್ಚು ನ್ಯಾಯಸಮ್ಮತವಾಗಿದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದನ್ನು ಅದು ಅಪರಾಧವೆಂದು ಗಣಿಸುತ್ತದೆ, ಕಾಯ್ದೆಯು ನಿಷೇಧಿಸದ ಉದ್ದೇಶಕ್ಕೆ ಮುರಿಯುವುದನ್ನಲ್ಲ. ಆದರೆ ಇನ್ನೊಬ್ಬರಿಗೆ ಇದರಲ್ಲಿ ನೆರವಾಗುವವನು ಅವರ ಹೆಸರು, ವಿಳಾಸ, ಉದ್ದೇಶಗಳ ದಾಖಲೆಯಿಡಬೇಕೆಂಬ ಷರತ್ತು, ತಾಂತ್ರಿಕ ಜ್ಞಾನವಿಲ್ಲದ ಕೇಳುಗನಿಗೆ ಸಿಗಬಹುದಾದ ಸಹಾಯವನ್ನು ಅನಗತ್ಯವಾಗಿ ಕಠಿಣಗೊಳಿಸುತ್ತದೆ.